ಡಿಸ್ಕಿನ ಅಡಿಯಲ್ಲಿದ್ದ ಮದುವೆ

ಕುಂಕುಮ ಇನ್ನೂ ಹೋಗಿಲ್ಲ, ಕಂಪ್ಯೂಟರ್ ಡಬ್ಬದ ನೆತ್ತಿಯ ಮೇಲೆ ಅತ್ತೆ ಇಟ್ಟ ಬೊಟ್ಟು ಒಣಗಿ ಅಂಚಿನಲ್ಲಿ ಹಕ್ಕಳೆ ಏಳುತ್ತಿದೆ, ಉಗುರು ತಾಗಿಸಿದರೆ ಉದುರೀತು, ಬೇಡ, ಹಬ್ಬದ ಕುಂಕುಮ, ಧನಲಕ್ಷ್ಮಿ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು, ಪ್ಲೈವುಡ್ಡಿನ ಆಚೆ ಯಾರೋ ಕುರ್ಚಿ ಸರಿಸಿದರು, ಸರ್ರ್ ಅಂತ, ಹಲ್ಲು ಚುಳ್ಳೆಂದಿತು — ಇದೂ ಒಂದು ಗೋಡೆಯಾ, ಹಾಕಿಸುವಾಗಲೇ ಬಡಕೊಂಡಿದ್ದಳು, ರೀ ಇಟ್ಟಿಗೇಲಿ ಕಟ್ಸಿ, ಮುಂದೆ ಕೂತೋರು ಕೆಮ್ಮಿದ್ರೂ ಎಡಿಟಿಂಗ್ ರೂಮಿಗೆ ಕೇಳುತ್ತೆ, ಶಿವರಾಮ ಗಂಡ ಅನ್ನಿಸಿಕೊಂಡ ಮೇಲೆ ಹೆಂಡತಿ ಮಾತು ಕೇಳುವುದುಂಟೇ, ಯಲಹಂಕದ ಹಳೇ ಊರಿನಲ್ಲಿ ಸ್ವಂತ ಕಟ್ಟಡ, ಮೇಲೆ ಮನೆ ಕೆಳಗೆ ಸ್ಟುಡಿಯೋ, ಆದರೂ ಗೋಡೆ ಮಾತ್ರ ಪ್ಲೈವುಡ್ಡು, ಈಗ ಕೇಳಿಸಿಕೋ ತಾಯಿ, ಒಂದಕ್ಷರ ಬಿಡದೆ ಕೇಳಿಸಿಕೋ, ಆಚೆ ಸ್ಟುಡಿಯೋದ ಕ್ಯಾಮೆರಾ ಹುಡುಗ ವಾಜಿದ್ ಮಾತಾಡುತ್ತಿದ್ದಾನೆ, ನಂದೇ ತಪ್ಪು ಖಾಲಾ, ಮೆಮೊರಿ ಕಾರ್ಡ್ ನಾನೇ ಖಾಲಿ ಮಾಡ್ಬಿಟ್ಟೆ, ಮಾಫ್ ಮಾಡಿ — ಖಾಲಾ ಅಂದರೆ ಅಕ್ಬರಿ, ಆರ್.ಟಿ. ನಗರದವರು, ಮಗಳು ಮಲ್ಕಾಳ ನಿಕಾಹ್ ವಿಡಿಯೋ ಎಲ್ಲಿ ಅಂತ ಕೇಳಲು ಇದು ಮೂರನೇ ಸಲ ಬಂದು ಕೂತಿದ್ದಾರೆ, ಬೈಯುವುದಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮೂಗು ಸೇದುವ ಸದ್ದು ಮಾತ್ರ, ನಮ್ ಮೊಹಲ್ಲಾ ಹುಡ್ಗ ಅಂತ ನಿಂಗೇ ಕೊಟ್ನಲ್ಲೋ ಬೇಟಾ, ಯಾರೋ ಹೊರಗಿನೋರಾಗಿದ್ರೆ ಬೇರೆ ಮಾತು. ಶಿವರಾಮ ಸಮಾಧಾನ ಮಾಡುತ್ತಿದ್ದಾನೆ, ಒಳಗೆ ನಮ್ಮ ಮನೆಯವ್ರು ನೋಡ್ತಾ ಇದಾರಮ್ಮ, ಅಳಿಸಿಹೋದದ್ದನ್ನ ವಾಪಸ್ ತರೋ ಸಾಫ್ಟ್‌ವೇರ್ ಇದೆ, ಅವ್ರಿಗೆಲ್ಲಾ ಗೊತ್ತು. ಅವರಿಗೆಲ್ಲಾ ಗೊತ್ತಂತೆ.

ಏನು ಗೊತ್ತು, ಮಣ್ಣು, ವಾಜಿದನ ಕಾರ್ಡನ್ನು ರೀಡರಿಗೆ ಸಿಕ್ಕಿಸಿ ಆ ಸಾಫ್ಟ್‌ವೇರ್ ಓಡಿಸಿದ್ದೇ ನಾಟಕ, ಅದರ ಮೇಲೆ ಅವನು ಮಾರನೇ ದಿನದ ವಲೀಮಾ ಊಟ ಪೂರ್ತಿ ಶೂಟ್ ಮಾಡಿ ತುಂಬಿಸಿದ್ದಾನೆ, ನಿಕಾಹ್ ಎಲ್ಲಿಂದ ಬರಬೇಕು, ಬರುವುದಿಲ್ಲ ಅಂತ ಅವಳಿಗೆ ಮೊದಲ ದಿನವೇ ಗೊತ್ತಿತ್ತು, ಆದರೂ ಹೊರಗೆ ಅವರ ಮುಖ ನೋಡಿಕೊಂಡು ಕೂರುವುದಕ್ಕಿಂತ ಒಳಗೆ ಕೀಬೋರ್ಡು ಕುಟ್ಟುವುದು ವಾಸಿ ಅಂತ ಎದ್ದು ಬಂದಳು, ಬಂದು ಓಡಿಸಿದರೆ ಈ ಮುಂಡೇದು ಅರ್ಧಕ್ಕೆ ನಿಂತಿದೆ, ಡಿಸ್ಕಿನಲ್ಲಿ ಜಾಗ ಇಲ್ಲ ಅನ್ನುತ್ತಿದೆ, ಜಾಗ ಇಲ್ಲ ಅಂದರೆ ಏನರ್ಥ, ಸಿಸ್ಟಮ್ ಇರುವ ಚಿಕ್ಕ ಡಿಸ್ಕು, ಅದರಲ್ಲಿ ಅವಳು ಏನನ್ನೂ ಇಡುವುದಿಲ್ಲ, ಮದುವೆಗಳೆಲ್ಲ ಹೊರಗಿನ ದೊಡ್ಡ ಡಿಸ್ಕಿನಲ್ಲಿ, ಜಾಗ ಎಷ್ಟಿದೆ ಅಂತ ಕೇಳಿದಳು, ಚಿಕ್ಕ ಡಿಸ್ಕು ಕಂಠಪೂರ್ತಿ ತುಂಬಿದೆ ಅಂದಿತು, ಯಾವ ಫೋಲ್ಡರ್ ಎಷ್ಟು ತಿಂದಿದೆ ಹೇಳು ಅಂದಳು, ಎಲ್ಲಾ ಕೂಡಿಸಿದರೂ ಅರ್ಧ ಡಿಸ್ಕೂ ಆಗಲಿಲ್ಲ, ಮಿಕ್ಕಿದ್ದು ಎಲ್ಲಿ, ಇಡೀ ಒಂದು ಕಾರ್ಡಿನಷ್ಟು ಜಾಗಕ್ಕೆ ಲೆಕ್ಕವೇ ಸಿಗುತ್ತಿಲ್ಲ, ಇಡೀ ಒಂದು ಕಾರ್ಡಿನಷ್ಟು — ಅಯ್ಯೋ, ಇರಲಾರದು, ಅಯ್ಯೋ ದೇವರೇ ಬೇಡಪ್ಪ.

ಯಾಕೆಂದರೆ ಇದನ್ನೆಲ್ಲ ಕೂರಿಸಿದವಳು ಅವಳೇ, ಗಿರಾಕಿಗಳು ತರುವ ಪೆನ್‌ಡ್ರೈವಿನಿಂದ ವೈರಸ್ ಬಂದು ಹಳೇ ವಿಂಡೋಸು ಪದೇ ಪದೇ ಮಲಗುತ್ತಿತ್ತು, ನ್ಯೂ ಟೌನಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದು ಯಾವ ಪುರುಷಾರ್ಥಕ್ಕೆ ಅಂತ ಅವಳೇ ಕೂತು ಲಿನಕ್ಸ್ ಹಾಕಿದಳು, ಅವತ್ತಿನಿಂದ ಸ್ಟುಡಿಯೋದಲ್ಲಿ ಅವಳೆಂದರೆ ಒಂದು ತೂಕ, ಗಂಡನೂ ಮೇಡಂನ ಕೇಳಿ ಅನ್ನುವಷ್ಟು, ವಾಜಿದನಿಗೂ ಅವಳೇ ಪಾಠ ಮಾಡಿದ್ದಳು, ನೋಡೋ, ವಿಂಡೋಸಿನ ಥರ ಡಿಸ್ಕಿಗೊಂದು ಸಿ, ಡಿ, ಇ ಅಂತ ಇಲ್ಲ ಇದ್ರಲ್ಲಿ, ಇರೋದು ಒಂದೇ ಮರ, ಯಾವ ಡಿಸ್ಕ್ ತಂದ್ರೂ ಆ ಮರದ ಒಂದು ಖಾಲಿ ಫೋಲ್ಡರಿಗೆ ತಂದು ಕೂರಿಸ್ಬೇಕು, ಅದಕ್ಕೆ ಮೌಂಟ್ ಅಂತಾರೆ, ನಾನು ಮದುವೆ ಅಂತ ಒಂದು ಫೋಲ್ಡರ್ ಮಾಡಿದೀನಿ, ದೊಡ್ ಡಿಸ್ಕು ಬಂದು ಅಲ್ಲಿ ಕೂರುತ್ತೆ — ಎಷ್ಟು ಜಂಬದಿಂದ ಹೇಳಿದ್ದಳು, ಟೀಚರಮ್ಮ, ಹೇಳದೆ ಬಿಟ್ಟ ಮಾತು ಒಂದಿತ್ತು, ಡಿಸ್ಕು ಬಂದು ಕೂರದಿದ್ದರೂ ಫೋಲ್ಡರು ಅಲ್ಲೇ ಇರುತ್ತದೆ, ಏನು ಹಾಕಿದರೂ ತಗೊಳ್ಳುತ್ತದೆ, ಹಾಕಿದ್ದು ಚಿಕ್ಕ ಡಿಸ್ಕಿಗೆ ಹೋಗಿ ಬೀಳುತ್ತದೆ ಅಷ್ಟೆ, ಆಮೇಲೆ ದೊಡ್ಡದು ಬಂದು ಮೇಲೆ ಕೂತರೆ ಅಡಿಯಲ್ಲಿರುವುದು ಕಾಣುವುದಿಲ್ಲ, ಅಳಿಸಿಯೂ ಹೋಗುವುದಿಲ್ಲ, ರಂಗೋಲಿಯ ಮೇಲೆ ಚಾಪೆ ಹಾಸಿದ ಹಾಗೆ, ಮತ್ತೆ ಡಿಸ್ಕು ಇಲ್ಲದಾಗ ಮೆಷಿನ್ನು ಕೂಗಿಕೊಳ್ಳಬೇಕಿತ್ತಲ್ಲ, ಕೂಗಿಕೊಳ್ಳುತ್ತಿತ್ತು, ಮೊದಲು ಕೂಗಿಕೊಳ್ಳುತ್ತಿತ್ತು, ಡಿಸ್ಕಿನ ವೈರು ಬಿಚ್ಚಿದ್ದ ಒಂದು ದಿನ ಆನ್ ಆಗದೆ ಕಪ್ಪು ಪರದೆ ತೋರಿಸಿಕೊಂಡು ನಿಂತಾಗ ಗಿರಾಕಿಗಳ ಎದುರು ಮಾನ ಹೋಯಿತು ಅಂತ ಶಿವರಾಮ ರೇಗಿದ್ದ, ಆ ಸಿಟ್ಟಿಗೆ ಅವಳೇ, ಆನ್ ಆಗುವಾಗ ಯಾವ ಡಿಸ್ಕು ಎಲ್ಲಿ ಕೂರಬೇಕು ಅಂತ ಬರೆದಿಟ್ಟ ಸಾಲಿನ ಕೊನೆಗೆ ನೋಫೇಲ್ ಅಂತ ಒಂದು ಪದ ಸೇರಿಸಿದಳು, ಡಿಸ್ಕು ಇಲ್ಲದಿದ್ದರೂ ಪರವಾಗಿಲ್ಲ, ಸುಮ್ಮನೆ ಮುಂದಕ್ಕೆ ಹೋಗು ಅಂತ.

ಸುಮ್ಮನೆ ಮುಂದಕ್ಕೆ ಹೋಯಿತು, ಆಯುಧಪೂಜೆ ದಿನ ಸಂಜೆ, ಅವತ್ತು ಮನೆಯಲ್ಲಿ ಬೆಳಗ್ಗೆಯಿಂದ ಅತ್ತೆ ಮುನಿಯಲ್ಲಮ್ಮನ ಕಾರುಬಾರು, ಕೋಗಿಲು ಹಳ್ಳಿ ಕಡೆಯ ಹಳೇ ಕಾಲದ ಹೆಂಗಸು, ಮೊದಲು ನೇಗಿಲು ಕುಡುಗೋಲಿಗೆ ಮಾಡುತ್ತಿದ್ದ ಪೂಜೆಯನ್ನು ಈಗ ಅದೇ ಕಟ್ಟುನಿಟ್ಟಿನಿಂದ ಕ್ಯಾಮೆರಾಗಳಿಗೆ ಮಾಡುತ್ತಾರೆ, ಲೆನ್ಸು, ಲೈಟು, ಟ್ರೈಪಾಡು ಎಲ್ಲ ಒರೆಸಿ ದೇವರ ಮುಂದೆ ಜೋಡಿಸಿ, ಅದೇನಮ್ಮ ಆ ಕರೀ ಡಬ್ಬ, ಅದ್ರಾಗೇ ಅಲ್ವಾ ನಮ್ ಅನ್ನ ಇರಾದು, ತತ್ತಾ ಅದ್ನೂ, ಅಂತ ದೊಡ್ಡ ಡಿಸ್ಕಿನ ವೈರು ಕೀಳಿಸಿ ತಟ್ಟೆಯಲ್ಲಿಟ್ಟು ವಿಭೂತಿ ಎಳೆದು ಚೆಂಡು ಹೂವು ಮುಡಿಸಿದರು, ನಾಳೆ ಬೆಳಗ್ಗೆ ಪೂಜೆ ಕದಲಿಸೋಗಂಟ ಒಂದ್ನೂ ಯಾರೂ ಮುಟ್ಟಂಗಿಲ್ಲ, ಕಂಪೂಟ್ರೂ ಅಷ್ಟೇಯ, ಏಳಿವ್ನಿ — ಸಂಜೆ ಅತ್ತೆ ದೇವಸ್ಥಾನಕ್ಕೆ, ಶಿವರಾಮ ಜಕ್ಕೂರಿನಲ್ಲಿ ಭಾವನ ಲಾರಿಗೆ ಕುಂಬಳಕಾಯಿ ಒಡೆಯಲು, ಆಗ ಬಂದ ವಾಜಿದ್, ಬೆವರಿಕೊಂಡು, ಸ್ಟುಡಿಯೋ ಕ್ಯಾಮೆರಾ ಪೂಜೆಯಲ್ಲಿತ್ತಲ್ಲ, ತನ್ನ ಸ್ವಂತದ್ದರಲ್ಲೇ ನಿಕಾಹ್ ಶೂಟ್ ಮಾಡಿದ್ದ, ಇರುವುದು ಒಂದೇ ದೊಡ್ಡ ಕಾರ್ಡು, ನಾಳೆ ವಲೀಮಾಗೆ ಬೇಕು, ಅಕ್ಕಾ ಕಾಪಿ ಹಾಕ್ಕೊಡ್ತೀರಾ, ಪೂಜೆ ಅಂದ್ರೆ ಬೇಡ, ಅಮ್ಮ ಬೈತಾರೆ. ಏ ಕೊಡೋ, ಅವ್ರಿಗೇನ್ ಗೊತ್ತಾಗುತ್ತೆ. ಹೂವಿಟ್ಟ ಮೆಷಿನ್ನನ್ನೇ ಆನ್ ಮಾಡಿದಳು, ಡಿಸ್ಕು ದೇವರ ಮುಂದೆ ಕೂತಿದೆ ಅನ್ನುವುದು ತಲೆಗೇ ಬರಲಿಲ್ಲ, ಬಂದಿದ್ದರೆ, ಹೇಗೆ ಬರುತ್ತದೆ, ಕಣ್ಣೆಲ್ಲಾ ಬಾಗಿಲ ಕಡೆ, ಅತ್ತೆ ಬಂದರೇನು ಗತಿ ಅಂತ, ಫೋಲ್ಡರ್ ತೆರೆಯಿತು, ಕಾಪಿ ಆಯಿತು, ಒಂದು ತಕರಾರಿಲ್ಲ, ಕಾರ್ಡು ತೆಗೆದು ಕೊಟ್ಟಳು, ಅವನು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ, ಅಂಗೈ ಮೇಲೆ ಇಟ್ಟುಕೊಂಡು ಹಾಗೇ ನಿಂತ, ಅಕ್ಕಾ, ಖಾಲಿ ಮಾಡ್ಲಾ? ಮಾಡ್ಕೋ. ಬಾಗಿಲ ತನಕ ಹೋದವನು ತಿರುಗಿ ಬಂದ, ಮತ್ತೆ ಅಂಗೈ ಚಾಚಿ, ನಡುವೆ ಆ ನೀಲಿ ಕಾರ್ಡು, ಮೆಹಂದಿ ಹತ್ತಿದ ಬೆರಳುಗಳು, ಗ್ಯಾರಂಟಿ ಖಾಲಿ ಮಾಡ್ಬಹುದಲ್ವಾ ಅಕ್ಕಾ? ಅಯ್ಯೋ ಮಾಡ್ಕೋ ಹೋಗೋ ಮಾರಾಯ, ಅಮ್ಮ ಬರೋ ಹೊತ್ತಾಯ್ತು.

ಆ ಅಂಗೈ. ಬೆಳಗ್ಗೆ ಹಲ್ಲುಜ್ಜುವಾಗ, ಅನ್ನಕ್ಕೆ ಎಸರಿಡುವಾಗ, ಎಲ್ಲೆಂದರಲ್ಲಿ ಆ ಅಂಗೈ ಬಂದು ನಿಲ್ಲುತ್ತದೆ, ಬಂದು ಕೇಳುತ್ತದೆ, ಮಾಡ್ಲಾ, ಮತ್ತೆ ಅವಳು ಏನು ಹೇಳಿದಳು ಎಲ್ಲರ ಎದುರು, ಹಬ್ಬ ಮುಗಿದು ಡಿಸ್ಕು ಮತ್ತೆ ಸಿಕ್ಕಿಸಿ ನೋಡಿದರೆ ಮಲ್ಕಾಳ ನಿಕಾಹ್ ಇಲ್ಲ, ಇದ್ದ ಸುಳಿವೇ ಇಲ್ಲ, ಕಾಪಿ ಮಾಡಿದ್ದು ಕನಸೋ ಅನ್ನುವ ಹಾಗೆ, ಅಕ್ಬರಿ ಬಂದು ಕೂತಿದ್ದಾರೆ, ಅತ್ತೆ ಬೆಂಚಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾರೆ, ಶಿವರಾಮ ಕೇಳಿದ, ಕಾಪಿ ಆಗ್ದೆ ಕಾರ್ಡ್ ಯಾಕೋ ಖಾಲಿ ಮಾಡ್ದೆ, ವಾಜಿದ್ ಅವಳ ಕಡೆ ತಿರುಗಿದ, ದೂರಲಿಕ್ಕಲ್ಲ, ಪಾಪ, ಅಕ್ಕ ಈಗ ಹೇಳುತ್ತಾರೆ ಅನ್ನುವ ನೆಚ್ಚಿಗೆಯಿಂದ ತಿರುಗಿದ, ಅತ್ತೆಯೂ ತಿರುಗಿದರು, ಅವತ್ತು ಸಂಜೆ ಮಿಶೀನು ಆನ್ ಮಾಡಿದ್ಯೇನಮ್ಮ ನೀನು? ಒಂದು ಹೌದು ಸಾಕಿತ್ತು, ಆಮೇಲೆ ಅತ್ತೆ ಒಂದು ತಿಂಗಳು ಆಡಿಕೊಳ್ಳುತ್ತಿದ್ದರು, ಕದಲಿಸಾಕ್ ಮುಂಚೆ ಮುಟ್ಟಿದ್ಕೇ ದ್ಯಾವ್ರು ತೋರಿಸ್ದ ಅಂತ, ಗಂಡ ಇಷ್ಟೇನಾ ನಿನ್ ವಿದ್ಯೆ ಅನ್ನುತ್ತಿದ್ದ, ಅಷ್ಟೇ ತಾನೇ, ಅದಕ್ಕೆ ಹೆದರಿ, ಥೂ, ಇಲ್ಲ ಅತ್ತೆ, ಅವತ್ತು ಮೆಷಿನ್ ಆನೇ ಮಾಡಿಲ್ಲ, ನನ್ನನ್ನ ಯಾರೂ ಏನೂ ಕೇಳಿಲ್ಲ — ಎಷ್ಟು ಸಲೀಸಾಗಿ ಬಂತು ಮಾತು, ಬಾಯಿ ಒಣಗಲಿಲ್ಲ, ನಾಲಿಗೆ ತೊದಲಲಿಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವಳು ನೆಲವೇ ಇಲ್ಲ ಅಂದುಬಿಟ್ಟಳು, ವಾಜಿದನ ಬಾಯಿ ಅರ್ಧ ತೆರೆದಿತ್ತು, ಮುಚ್ಚಿಕೊಂಡಿತು, ಹೌದು ಸರ್, ನಾನ್ ಕೇಳ್ಲಿಲ್ಲ, ಅವಸರದಲ್ಲಿ ಖಾಲಿ ಮಾಡ್ಬಿಟ್ಟೆ ಅಂದ, ಯಾಕೆ ಅಂದನೋ, ಅವಳ ಮಾನ ಕಾಯಲಿಕ್ಕೋ, ಯಜಮಾನರ ಹೆಂಡತಿಯ ಎದುರು ತನ್ನ ಮಾತು ಯಾರು ನಂಬುತ್ತಾರೆ ಅಂತಲೋ, ಅವತ್ತಿನಿಂದ ಮೊಹಲ್ಲಾದಲ್ಲಿ ಅವನಿಗೆ ಯಾರೂ ಕೆಲಸ ಹೇಳುತ್ತಿಲ್ಲವಂತೆ, ಮಸೀದಿ ಹತ್ತಿರ ಹುಡುಗರು ಆಡಿಕೊಳ್ಳುತ್ತಾರಂತೆ, ಖಾಲಿ ಕಾರ್ಡ್ ಬಂದ ಅಂತ. ಅವನು ಇವತ್ತು ಕೆಲಸ ಬಿಡುತ್ತೇನೆ ಅಂತ ಹೇಳಲಿಕ್ಕೇ ಬಂದಿದ್ದಾನೆ.

ನೋಡಿಬಿಡು, ಇಲ್ಲದಿರಲಿ, ಅಲ್ಲಿ ಇಲ್ಲದೇ ಇರಲಿ ಅಂತ ಬೇಡಿಕೊಂಡಳು, ಎಂಥಾ ಬೇಡಿಕೆ, ಸಿಗದೇ ಇರಲಿ ಅಂತ ಹುಡುಕುವುದು, ಡಿಸ್ಕನ್ನು ಎಬ್ಬಿಸುವ ಆಜ್ಞೆ ಟೈಪ್ ಮಾಡಿದಳು, ಅನ್‌ಮೌಂಟ್, ಆಗುವುದಿಲ್ಲ ಅಂದಿತು, ಯಾರೋ ಅದರೊಳಗೆ ಇದ್ದಾರೆ, ಕೆಲಸದಲ್ಲಿದೆ ಅಂದಿತು, ಯಾರಿದ್ದಾರೆ, ಯಾರೂ ಇಲ್ಲ, ಥತ್, ತಾನೇ ಇದ್ದಾಳೆ, ಟೈಪ್ ಮಾಡುತ್ತಿರುವ ಕಿಟಕಿ ಮದುವೆ ಫೋಲ್ಡರಿನ ಒಳಗೇ ನಿಂತಿದೆ, ಒಳಗೆ ನಿಂತುಕೊಂಡು ಜಾಗ ಖಾಲಿ ಮಾಡು ಅಂದರೆ ಹೇಗೆ, ಹೊರಗೆ ಬಂದಳು, ಮರದ ಬುಡಕ್ಕೆ, ಮತ್ತೆ ಅದೇ ಆಜ್ಞೆ, ಈ ಸಲ ಏನೂ ಮಾತಾಡಲಿಲ್ಲ, ಲಿನಕ್ಸು ಹೇಳಿದ್ದು ಮಾಡಿದರೆ ಏನೂ ಮಾತಾಡುವುದಿಲ್ಲ, ಮೇಲೆ ವಾಯುನೆಲೆಯ ವಿಮಾನವೊಂದು ಗುಡುಗಿಕೊಂಡು ಹೋಯಿತು, ಪ್ಲೈವುಡ್ಡು ಗಡಗಡ ಅಂದಿತು, ಅದು ದೂರ ಹೋಗುವ ತನಕ ಬೆರಳು ಎತ್ತಿಕೊಂಡೇ ಕೂತಿದ್ದಳು, ಮದುವೆಯೊಳಗೆ ಏನಿದೆ ತೋರಿಸು, ಏನೂ ಇರಬಾರದು, ಡಿಸ್ಕು ಎದ್ದುಹೋದ ಮೇಲೆ ಖಾಲಿ ಇರಬೇಕು, ಇತ್ತು. ಮಲ್ಕಾ ನಿಕಾಹ್. ಅವಳೇ ಅವಸರದಲ್ಲಿ ಟೈಪ್ ಮಾಡಿದ ಹೆಸರು. ಒಂದೂ ಕೆಟ್ಟಿಲ್ಲ, ಒಂದೂ ಕಳೆದಿಲ್ಲ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಸದ್ದು ಆರಿಸಿ ಕೊನೆಯ ವಿಡಿಯೋ ತೆರೆದಳು, ಅಕ್ಬರಿ ಬಂದಾಗಲೆಲ್ಲ ಅದನ್ನೇ ಕೇಳುತ್ತಾರೆ, ಮಿಕ್ಕಿದ್ದು ಹೋದ್ರೆ ಹೋಗ್ಲಿ ಸಾಬ್, ನಮ್ ಅಬ್ಬಾದು ಒಂದು ಕೊಡಿ — ಅಕ್ಬರಿಯ ವಯಸ್ಸಾದ ತಂದೆಗೆ ಮರೆವು, ಮಗಳನ್ನೇ ಯಾರಮ್ಮ ನೀನು ಅನ್ನುವಷ್ಟು ಮರೆವು, ಅವತ್ತು ಮದುಮಗಳು ಬಗ್ಗಿದಾಗ ತಲೆ ಮೇಲೆ ಕೈಯಿಟ್ಟು ಹೆಸರು ಹಿಡಿದು ಕರೆದರಂತೆ, ಹತ್ತಿರ ಇದ್ದದ್ದು ವಾಜಿದನ ಕ್ಯಾಮೆರಾ ಒಂದೇ, ಹೌದು, ಇಲ್ಲಿದ್ದಾರೆ, ಬಿಳಿ ಗಡ್ಡ, ನಡುಗುವ ಕೈ ಜರಿ ಸೆರಗಿನ ಮೇಲೆ, ತುಟಿ ಸೇರಿತು, ಬಿಡಿಸಿಕೊಂಡಿತು, ಸದ್ದಿಲ್ಲದಿದ್ದರೂ ಗೊತ್ತಾಗುತ್ತದೆ, ಮಲ್ಕಾ. ಸಂತೋಷವಾಗಬೇಕಿತ್ತು, ಆಗಲಿಲ್ಲ ಅಂತಲ್ಲ, ಆಯಿತು, ಆ ಸಂತೋಷದ ಬೆನ್ನಿಗೇ ಮುಖವೆಲ್ಲ ಉರಿಯಿತು, ಕಿವಿಯ ತುದಿಯವರೆಗೂ.

ಎದ್ದು ಹೋಗಬೇಕು, ಈಗಲೇ, ಹೋಗಿ ಹೇಳಬೇಕು, ಅವತ್ತು ಮೆಷಿನ್ ಆನ್ ಮಾಡಿದ್ದೆ, ಡಿಸ್ಕ್ ಇಲ್ಲದೆ ಕಾಪಿ ಹಾಕಿದ್ದೆ, ವಾಜಿದ್ ಕೇಳಿದ್ದ, ಎರಡು ಸಲ ಕೇಳಿದ್ದ, ಖಾಲಿ ಮಾಡು ಅಂತ ನಾನೇ ಹೇಳಿದ್ದೆ, ನಾಲ್ಕು ಮಾತು, ನಾಲ್ಕೇ ಮಾತು, ಕುರ್ಚಿ ಹಿಂದಕ್ಕೆ ತಳ್ಳಿದಳು, ಆ ಸದ್ದಿಗೇ ಶಿವರಾಮ ಕೂಗಿದ, ಧನು, ಏನಾದ್ರೂ ಬಂತಾ? ಸಿಕ್ತು ರೀ. ಅಷ್ಟೇ ಅಂದದ್ದು, ಬಾಗಿಲಿಗೆ ಬರುವಷ್ಟರಲ್ಲಿ ಅಕ್ಬರಿ ಓಡಿ ಬಂದು ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು, ಬಿಸಿ ನೀರು ಬೆರಳ ಸಂದಿಯಲ್ಲಿ ಇಳಿಯಿತು, ಅಬ್ಬಾದೂ ಇದ್ಯಾ ಅಮ್ಮಾ, ಇದೆ, ಯಾ ಅಲ್ಲಾ, ನಿಮ್ ಮಕ್ಳು ಮರಿ ತಂಪಾಗಿರ್ಲಿ, ಶಿವರಾಮನ ಮುಖ ಊರಗಲ, ನೋಡಿದ್ರಾ, ನಾನ್ ಹೇಳ್ಲಿಲ್ವಾ, ಕಾರ್ಡಿಂದಾನೇ ಎಬ್ಬಿಸ್ಬಿಟ್ಳು, ಕಾರ್ಡಿಂದಾನೇ ತಾನೇ ಧನು? ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಾರೆ, ವಾಜಿದ್ ನೋಡುತ್ತಿದ್ದಾನೆ, ಹೇಳು, ಈಗ ಹೇಳು, ನಾಲ್ಕು ಮಾತು, ಮೊದಲನೆಯದು ಗಂಟಲಿನ ತನಕ ಬಂದಿದೆ, ಅವತ್ತು, ಅವತ್ತು ನಾನು — ಹ್ಞೂಂ ಅಂದಳು. ಹ್ಞೂಂ, ಕಾರ್ಡಿಂದಾನೇ. ಯಾರು ಹೇಳಿದ್ದು ಅದನ್ನು, ತನ್ನ ಬಾಯೇ, ಎರಡನೇ ಸಲ, ವಾಜಿದನಿಗೆ ಗೊತ್ತಾಯಿತು, ಗೊತ್ತಾಗದೆ ಏನು, ಕಾರ್ಡು ತುಂಬಾ ವಲೀಮಾ ಊಟ ಇದ್ದದ್ದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಒಂದು ಗಳಿಗೆ ಅವನ ಕಣ್ಣು ಅವಳ ಕಣ್ಣಲ್ಲಿ ನಿಂತಿತು, ಆಮೇಲೆ ಅವನೇ ಅಕ್ಬರಿಯ ಕಡೆ ತಿರುಗಿದ, ಬರುತ್ತೆ ಖಾಲಾ, ನಸೀಬಿದ್ರೆ ಒಂದೊಂದ್ಸಲ ಕಾರ್ಡಿಂದ ಬರುತ್ತೆ. ಲೇ, ಅಕ್ಕಂಗೆ ಥ್ಯಾಂಕ್ಸ್ ಹೇಳೋ, ನಿನ್ ಮಾನ ಉಳಿಸಿದಾಳೆ, ಶಿವರಾಮ ನಗುತ್ತಿದ್ದಾನೆ. ಥ್ಯಾಂಕ್ಸ್ ಅಕ್ಕಾ, ಅಂದ, ಇನ್ಮೇಲೆ ಎಲ್ಲೇ ಕೆಲ್ಸಕ್ ಹೋದ್ರೂ ಎರಡು ಸಲ ಅಲ್ಲ, ಮೂರು ಸಲ ಕೇಳೇ ಖಾಲಿ ಮಾಡ್ತೀನಿ. ಹೌದು ಬೇಟಾ, ಕೇಳ್ಬೇಕು, ಅಂದರು ಅಕ್ಬರಿ ಕಣ್ಣೊರೆಸಿಕೊಳ್ಳುತ್ತಾ, ಎಲ್ಲರೂ ನಕ್ಕರು, ಅತ್ತೆ ಕೂಡ, ಎರಡು ಸಲ ಅಲ್ಲ ಅಂದನಲ್ಲ, ಯಾರ ಕಿವಿಗೂ ಬೀಳಲಿಲ್ಲವಾ, ಯಾರಾದರೂ ಕೇಳಬಾರದಾ, ಯಾವ ಎರಡು ಸಲವೋ ಅಂತ ಒಬ್ಬರಾದರೂ ಕೇಳಿಬಿಡಬಾರದಾ, ಕೇಳಿದರೆ ಹೇಳಿಬಿಡುತ್ತಾಳೆ, ಯಾರೂ ಕೇಳಲಿಲ್ಲ, ವಾಜಿದ್ ಹೊರಡಲು ಎದ್ದ, ಕ್ಯಾಮೆರಾ ಚೀಲ ಹೆಗಲಿಗೇರಿಸಿದ, ನನ್ ಕಾರ್ಡ್ ಕೊಡ್ತೀರಾ ಅಕ್ಕಾ ಅಂದ, ಒಳಗೆ ಹೋಗಿ ರೀಡರಿನಿಂದ ಕಿತ್ತು ತಂದಳು, ಬೆರಳ ತುದಿಯಲ್ಲಿದೆ, ಕೊಡಬೇಕು, ಕೊಟ್ಟುಬಿಟ್ಟರೆ ಅವನು ಹೋಗುತ್ತಾನೆ, ಹೋದರೆ ಮುಗಿಯಿತು, ಮುಂದೆ ಚಾಚಿದ್ದಾನೆ, ಮೆಹಂದಿ ಮಾಸಿ ಕಂದಾದ ಬೆರಳು, ಅಂಗೈ, ಕೇಳುತ್ತಿದೆ, ಅಂಗೈ, ಖಾಲಿ ಅಂಗೈ